ಉದಾಹರಣೆ ಕೇಳಬಾರದು

ಪ್ರಪಂಚದಲ್ಲಿ ಕೆಲಸಕ್ಕೆ ಬಾರದವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಕೆಲಸಕ್ಕೆ ಬಾರದಿರುವುದನ್ನೇ ಒಂದು ಕೆಲಸವನ್ನಾಗಿ ಮಾಡಿಕೊಂಡು, ಅದಕ್ಕಾಗಿ ಸಂಬಳವನ್ನೂ ಊರಿನವರ ನಮಸ್ಕಾರವನ್ನೂ ಪಡೆಯುವ ಭಾಗ್ಯ ಎಲ್ಲರಿಗೂ ಬರುವುದಿಲ್ಲ. ನನಗೆ ಬಂದಿದೆ. ನಾನು ಮೈಸೂರಿನಲ್ಲಿ ಶುದ್ಧ ಗಣಿತದ ಅಧ್ಯಾಪಕ. ಹೀಗೆಂದ ಕೂಡಲೇ ಎದುರಿಗಿದ್ದವರು ಒಂದು ಹೆಜ್ಜೆ ಹಿಂದೆ ಸರಿದು, "ಅಯ್ಯೋ, ಲೆಕ್ಕ ಅಂದ್ರೆ ನಂಗೆ ಚಿಕ್ಕಂದಿನಿಂದ್ಲೂ ಜ್ವರ ಬರ್ತಿತ್ತು ಕಣ್ರೀ" ಎನ್ನುತ್ತಾರೆ. ಹಾಗೆನ್ನುವವರು ವಕೀಲರಾಗಿರುತ್ತಾರೆ, ಡಾಕ್ಟರಾಗಿರುತ್ತಾರೆ, ಒಟ್ಟಿನಲ್ಲಿ ಸುಖವಾಗಿರುತ್ತಾರೆ. ತನಗೆ ಓದುಬರಹ ಬರುವುದಿಲ್ಲವೆಂದು ಯಾರೂ ನಗುನಗುತ್ತ ಹೇಳಿಕೊಳ್ಳುವುದಿಲ್ಲ. ಲೆಕ್ಕ ಬರುವುದಿಲ್ಲವೆಂಬುದನ್ನು ಮಾತ್ರ ಮನೆತನದ ಒಡವೆಯ ಹಾಗೆ ತೆಗೆದು ತೋರಿಸುತ್ತಾರೆ. ನಾನು ಅವರಿಗೆ ನಿಜ ಹೇಳುವುದಿಲ್ಲ. ನಿಜವೇನೆಂದರೆ ಲೆಕ್ಕ ನನಗೂ ಬರುವುದಿಲ್ಲ. ಶುದ್ಧ ಗಣಿತಕ್ಕೂ ಲೆಕ್ಕಕ್ಕೂ ಇರುವುದು ದೂರದ ನೆಂಟಸ್ತಿಕೆ. ಮದುವೆ ಮುಂಜಿಗೆ ಕರೆಯುವುದುಂಟು, ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ.

ಶುದ್ಧ ಎಂಬ ಮಾತನ್ನು ನೀವು ಹಗುರವಾಗಿ ತೆಗೆದುಕೊಳ್ಳಬಾರದು. ನಮ್ಮ ಅಜ್ಜಿ ಒದ್ದೆ ಸೀರೆ ಉಟ್ಟು ಅಡುಗೆಮನೆಯಲ್ಲಿ ಆಚರಿಸುತ್ತಿದ್ದ ಮಡಿ ನಮ್ಮ ವಿಭಾಗದ ಮಡಿಯ ಮುಂದೆ ಏನೇನೂ ಅಲ್ಲ. ನಮ್ಮ ಕೊಠಡಿಗಳ ಮುಂದಿನ ಕಾರಿಡಾರಿನ ಆಚೆ ಬದಿಯಲ್ಲಿ ಅನ್ವಯಿಕ ಗಣಿತದವರು ಇದ್ದರು. ನೀರು ಕೊಳವೆಯಲ್ಲಿ ಹೇಗೆ ಹರಿಯುತ್ತದೆ, ತೊಲೆ ಎಷ್ಟು ಭಾರಕ್ಕೆ ಬಾಗುತ್ತದೆ ಎಂದು ನೋಡುವುದು ಅವರ ಕೆಲಸ. ಪಾಪ, ಅವರಿಗೆ ಉತ್ತರಗಳು ಬರುತ್ತಿದ್ದವು. ಒಮ್ಮೆ ಮೇಟಗಳ್ಳಿಯ ಕಡೆ ಹೊಸದಾಗಿ ಎದ್ದಿದ್ದ ಕಾರ್ಖಾನೆಯವರು ಅವರಲ್ಲೊಬ್ಬರನ್ನು ಏನೋ ಕೇಳಬೇಕೆಂದು ಕಾರು ಕಳಿಸಿ ಕರೆಸಿಕೊಂಡರು. ಸಂಜೆ ಅದೇ ಕಾರಿನಲ್ಲಿ, ಕೈಯಲ್ಲೊಂದು ಮೈಸೂರುಪಾಕಿನ ಪೊಟ್ಟಣದೊಂದಿಗೆ, ಅವರು ಹಿಂತಿರುಗಿದ್ದನ್ನು ನಾವೆಲ್ಲ ಕಿಟಕಿಯಿಂದ ನೋಡಿದೆವು. ನಮ್ಮ ಪ್ರೊಫೆಸರ್ ಅನಂತಯ್ಯನವರು, "ಕೆಟ್ಟುಹೋದ" ಎಂದರು. ಮರುದಿನ ಆ ಮನುಷ್ಯ ನಮ್ಮ ಕೊಠಡಿಗೆ ಬಂದು ಡಸ್ಟರು ಕೇಳಿದಾಗ ನಾವು ಕೊಟ್ಟೆವು. ಹಿಂದಕ್ಕೆ ಬಂದ ಮೇಲೆ ಅದನ್ನು ಕಿಟಕಿಯ ಹೊರಗೆ ಹಿಡಿದು ಚೆನ್ನಾಗಿ ಕೊಡವಿದೆವು.

ಈ ಮಡಿಯ ದೇವರ ಪೂಜೆ ಪ್ರತಿ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ. ಅದಕ್ಕೆ ರಿಸರ್ಚ್ ಸೆಮಿನಾರ್ ಎಂದು ಹೆಸರು. ಸ್ವಾತಂತ್ರ್ಯ ಬಂದು ಹದಿನೈದು ವರ್ಷವಾಗಿದ್ದರೂ ಈ ಪೂಜೆ ಇಂಗ್ಲಿಷಿನಲ್ಲಿಯೇ ನಡೆಯುತ್ತಿತ್ತು. ಅನಂತಯ್ಯನವರು ಇಂಗ್ಲೆಂಡಿನಲ್ಲಿ ಓದಿ ಬಂದವರು. ತಲೆಗೆ ಪೇಟ, ಕೊರಳಿಗೆ ಟೈ. ನಡುವೆ ಇದ್ದ ಮುಖ ಎರಡು ದೇಶಗಳಿಗೂ ಉತ್ತರ ಹೇಳಬೇಕಾದವರ ಮುಖದಂತೆ ಸದಾ ಗಂಟಿಕ್ಕಿರುತ್ತಿತ್ತು. ಅವರು ಮುಂದಿನ ಸಾಲಿನ ಕೈಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದ ಮೇಲೆ ನಮ್ಮಲ್ಲೊಬ್ಬ ಎದ್ದು, ಹಲಗೆಗೆ ಮುಖವನ್ನೂ ಸಭಿಕರಿಗೆ ಬೆನ್ನನ್ನೂ ಕೊಟ್ಟು ಒಂದು ಗಂಟೆ ಬರೆಯುವುದು. ಉಳಿದವರು ಅದನ್ನು ನೋಡುವುದು. ಮುಗಿದ ಮೇಲೆ ಅನಂತಯ್ಯನವರು ಕಣ್ಣು ತೆರೆದು, "ಇದನ್ನು ಇನ್ನೂ ಸಾಮಾನ್ಯೀಕರಿಸಬಹುದೇ?" ಎಂದು ಕೇಳುವುದು. ಯಾವ ಮಾತನ್ನಾದರೂ ಇನ್ನಷ್ಟು ವಸ್ತುಗಳಿಗೆ ಹಿಗ್ಗಿಸಿ ಸಾಮಾನ್ಯೀಕರಿಸಬಹುದಾದ್ದರಿಂದ, "ಪ್ರಯತ್ನ ಮಾಡ್ತೀನಿ ಸಾರ್" ಎನ್ನುವುದು. ಆಮೇಲೆ ಉಪ್ಪಿಟ್ಟು, ಕಾಫಿ. ಇಡೀ ಸಂಶೋಧನೆಯಲ್ಲಿ ನನಗೆ ಸಂಪೂರ್ಣ ಅರ್ಥವಾಗುತ್ತಿದ್ದ ಭಾಗ ಇದು.

ಸೆಮಿನಾರಿನಲ್ಲಿ ಏನು ಬೇಕಾದರೂ ಕೇಳಬಹುದಿತ್ತು, ಒಂದನ್ನು ಬಿಟ್ಟು. ಉದಾಹರಣೆ ಕೇಳಬಾರದು. ಇದನ್ನು ಎಲ್ಲಿಯೂ ಬರೆದು ಅಂಟಿಸಿರಲಿಲ್ಲ, ಆದರೆ ನಮಗೆಲ್ಲ ಗೊತ್ತಿತ್ತು. ಉದಾಹರಣೆ ಕೇಳುವುದೆಂದರೆ ತರಕಾರಿ ಅಂಗಡಿಯಲ್ಲಿ ಬದನೆಕಾಯಿ ಅದುಮಿ ನೋಡಿದ ಹಾಗೆ, ಮರ್ಯಾದಸ್ಥರ ಲಕ್ಷಣವಲ್ಲ. ನನ್ನ ಜೊತೆಯ ಲೆಕ್ಚರರ್ ಪುಟ್ಟೇಗೌಡ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಪಾಂಡವಪುರದ ಕಡೆಯ ಬೇಸಾಯದ ಮನೆಯಿಂದ ಬಂದವನಾದ್ದರಿಂದಲೋ ಏನೋ, ಅನಂತಯ್ಯನವರ ಭಾಷಣದ ಮಧ್ಯದಲ್ಲೇ ಕೈಯೆತ್ತಿ, "ಸಾರ್, ಅಂಥಾದ್ದು ಒಂದು ತೋರಿಸ್ತೀರಾ?" ಎಂದು ಕೇಳಿಬಿಟ್ಟ. ಅನಂತಯ್ಯನವರು ಸೀಮೆಸುಣ್ಣ ಕೆಳಗಿಟ್ಟು, "ಮಿಸ್ಟರ್ ಗೌಡ, ಇಂಜಿನಿಯರಿಂಗ್ ಕಾಲೇಜು ಬೇರೆ ಕಡೆ ಇದೆ" ಎಂದರು. ಅಂದಿನಿಂದ ಪುಟ್ಟೇಗೌಡ ಸೆಮಿನಾರಿನಲ್ಲಿ ಬಾಯಿ ಬಿಟ್ಟಿದ್ದು ಉಪ್ಪಿಟ್ಟಿಗೆ ಮಾತ್ರ. ಒಂದು ಸಂಶೋಧನ ಲೇಖನವನ್ನೂ ಬರೆಯಲಿಲ್ಲ. ಹುಡುಗರಿಗೆ ಚೆನ್ನಾಗಿ ಪಾಠ ಹೇಳುತ್ತಿದ್ದ, ಅದು ಅವನ ಮೇಲಿನ ಇನ್ನೊಂದು ದೂರು.

ನಾನು ಅಂಥ ತಪ್ಪು ಮಾಡುವವನಲ್ಲ. ನಾನು ಅನಂತಯ್ಯನವರ ಶಿಷ್ಯ, ಅವರು ಇಂಗ್ಲೆಂಡಿನಲ್ಲಿ ಹುಟ್ಟಿಸಿ ಹಡಗಿನಲ್ಲಿ ತಂದ 'ಸಾಧು ವಲಯ'ಗಳ ವಾರಸುದಾರ. ಹೆದರಬೇಡಿ, ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತೇನೆ. ಒಂದಿಷ್ಟು ವಸ್ತುಗಳಿವೆ, ಅವನ್ನು ತಮ್ಮತಮ್ಮಲ್ಲೇ ಕೂಡಬಹುದು, ಕಳೆಯಬಹುದು, ಗುಣಿಸಬಹುದು ಎಂದುಕೊಳ್ಳಿ. ಆ ಗುಂಪಿಗೆ ವಲಯ ಎಂದು ಹೆಸರು. ಅದು ಕೆಲವು ಷರತ್ತುಗಳಿಗೆ ಒಳಪಟ್ಟು ತಂಟೆಯಿಲ್ಲದೆ ನಡೆದುಕೊಂಡರೆ ಸಾಧು ವಲಯ. ಅನಂತಯ್ಯನವರು ಹಾಕಿದ್ದ ಷರತ್ತುಗಳು ಮೂರು. ಅವರ ಮೂರರಿಂದ ಏನೇನು ಬರಬಹುದೋ ಅದನ್ನೆಲ್ಲ ಅವರೇ ಹಿಂಡಿ ಮುಗಿಸಿದ್ದರಿಂದ ನನಗೆ ಉಳಿದದ್ದು ಸಿಪ್ಪೆ. ಒಂದು ಪ್ರಮೇಯದಲ್ಲಿ ದಾರಿ ಕಾಣದೆ ಒದ್ದಾಡುತ್ತಿದ್ದಾಗ, ನಾಲ್ಕನೆಯ ಷರತ್ತೊಂದನ್ನು ಸೇರಿಸಿಕೊಂಡರೆ ಸಾಧನೆ ತಾನಾಗಿಯೇ ಬಂದುಬಿಡುತ್ತದೆಂದು ಹೊಳೆಯಿತು. ಸೇರಿಸಿದೆ, ಬಂತು. ಆ ಸುಖದ ರುಚಿ ಹತ್ತಿ ಮುಂದಿನ ಸಲ ಐದನೆಯದನ್ನೂ ಸೇರಿಸಿದೆ. ಆಮೇಲೆ ನೋಡಿ, ಪ್ರಮೇಯಗಳು ಮಳೆಗಾಲದ ಅಣಬೆಯಂತೆ ಎದ್ದವು. ನಾನು ಏನನ್ನು ಸಾಧಿಸಲು ಹೊರಟರೂ ಅದು ನಿಜವಾಗುತ್ತಿತ್ತು. ಒಂದೊಂದು ಸಲ ಒಂದು ಮಾತನ್ನೂ ಅದಕ್ಕೆ ತದ್ವಿರುದ್ಧವಾದ ಮಾತನ್ನೂ ಒಂದೇ ವಾರದಲ್ಲಿ ಸಾಧಿಸಿದಂತೆ ಭಾಸವಾಗಿ ಸ್ವಲ್ಪ ಗಾಬರಿಯಾಗುತ್ತಿತ್ತು. ಅದು ವಿಷಯದ ಆಳವೆಂದುಕೊಂಡು ಮುಂದೆ ಹೋಗುತ್ತಿದ್ದೆ.

ಹೀಗಿರುವಾಗ ನಮ್ಮ ವಿಭಾಗದಲ್ಲಿ ಒಂದು ರೀಡರ್ ಹುದ್ದೆ, ಅಂದರೆ ಲೆಕ್ಚರರಿಗೂ ಪ್ರೊಫೆಸರಿಗೂ ನಡುವಿನ ಮೆಟ್ಟಿಲು, ಖಾಲಿಯಾಯಿತು. ಅದಕ್ಕೆ ಸರದಿಯಲ್ಲಿ ಇದ್ದವರು ಇಬ್ಬರು, ನಾನು ಮತ್ತು ಪುಟ್ಟೇಗೌಡ. ಅವನಿಗೆ ಲೇಖನವೇ ಇಲ್ಲವಾದ್ದರಿಂದ ಇದು ಸ್ಪರ್ಧೆಯೇ ಅಲ್ಲವೆಂದು ಎಲ್ಲರೂ ಹೇಳಿದರು, ಪುಟ್ಟೇಗೌಡನೂ ಹೇಳಿದ. ನನಗೆ ರೀಡರ್ ಪದವಿಯ ಮೇಲೆ ಅಂಥ ವ್ಯಾಮೋಹವೇನೂ ಇರಲಿಲ್ಲ ಎಂದು ಬರೆಯಬೇಕೆಂದಿದ್ದೆ, ಆದರೆ ಇದನ್ನು ನನ್ನ ಹೆಂಡತಿ ಸರೋಜ ಓದುತ್ತಾಳೆ. ನಾವಿದ್ದದ್ದು ಅಗ್ರಹಾರದ ಒಂದು ವಠಾರದಲ್ಲಿ. ಇಡೀ ವಠಾರಕ್ಕೆ ಒಂದು ನಲ್ಲಿ. ಬೆಳಗಿನ ಜಾವದಿಂದಲೇ ಅಲ್ಲಿ ಕೊಡಗಳ ಸಾಲು, ಆ ಸಾಲಿನಲ್ಲಿ ದಿನಕ್ಕೊಂದು ಕುರುಕ್ಷೇತ್ರ. ಯಾದವಗಿರಿಯಲ್ಲಿ ಒಬ್ಬ ರಿಟೈರ್ಡ್ ಅಮಲ್ದಾರರ ಮನೆ ಬಾಡಿಗೆಗಿತ್ತು. ಸುತ್ತ ಕಾಂಪೌಂಡು, ಮುಂದೆ ಒಂದು ಸಂಪಿಗೆ ಮರ, ಅಡುಗೆಮನೆಯ ಒಳಗೇ ನಲ್ಲಿ. ನೋಡಲು ಹೋದಾಗ ಸರೋಜ ಆ ನಲ್ಲಿಯನ್ನು ತಿರುಗಿಸಿ, ನೀರು ಬೀಳುವುದನ್ನು ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತ ನಿಂತಳು. ಅಮಲ್ದಾರರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಲೆಕ್ಚರರುಗಳಿಗೆಲ್ಲ ನಾನು ಮನೆ ಕೊಡೋಲ್ಲ. ರೀಡರ್ ಆಗಿ ಬನ್ನಿ, ನೋಡೋಣ" ಎಂದರು. ಹಿಂದಿರುಗಿ ವಠಾರದ ಹತ್ತಿರ ಬಂದಾಗ ಸರೋಜ, "ಆಗ್ತೀರಿ ತಾನೇ?" ಎಂದಳು. "ಅದರಲ್ಲೇನು" ಎಂದೆ.

ಆಯ್ಕೆಗೆ ಹೊರಗಿನಿಂದ ತಜ್ಞರಾಗಿ ಬರುವವರು ಕಲ್ಕತ್ತೆಯ ಒಬ್ಬ ವೃದ್ಧ ಪ್ರೊಫೆಸರು. ಆಯ್ಕೆ ಸಮಿತಿ ಸೇರುವುದು ಸೋಮವಾರ. ಅದರ ಹಿಂದಿನ ಶನಿವಾರವೇ ಅವರು ನಮ್ಮ ಸೆಮಿನಾರಿಗೆ ಬರುತ್ತಾರೆಂದೂ ಅಂದು ನಾನೇ ಮಾತಾಡಬೇಕೆಂದೂ ಅನಂತಯ್ಯನವರು ಏರ್ಪಾಡು ಮಾಡಿದರು. "ಅವರ ಬಾಯಿಂದ ಒಂದು ಒಳ್ಳೆ ಮಾತು ಬಂದರೆ ಸಾಕು. ಉಳಿದದ್ದು ನನಗೆ ಬಿಡಿ" ಎಂದರು. ನಾನು ನಿಶ್ಚಿಂತನಾಗಿದ್ದೆ. ಶುಕ್ರವಾರ ಬೆಳಿಗ್ಗೆ ಪುಟ್ಟೇಗೌಡ ನನ್ನ ಮೇಜಿನ ಅಂಚಿನ ಮೇಲೆ ಕೂತು ನಶ್ಯ ಏರಿಸುತ್ತ, "ಮೂರ್ತಿ, ಆ ಕಲ್ಕತ್ತೆ ವಯ್ಯನಿಗೆ ನಮ್ಮ ಸಂಪ್ರದಾಯ ಗೊತ್ತಿಲ್ಲ ಕಣಯ್ಯ. ಎಗ್ಸಾಂಪಲ್ ಕೇಳ್ಬುಟ್ರೆ ಏನ್ ಮಾಡ್ತೀಯ? ಒಂದು ಜೇಬಲ್ಲಿ ಇಟ್ಕೊಂಡಿರು" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅವನ ಒಳ್ಳೆಯ ಮನಸ್ಸನ್ನು ನಾನು ಇವತ್ತಿನವರೆಗೂ ಪೂರ್ತಿ ಕ್ಷಮಿಸಿಲ್ಲ.

ಒಂದು ಉದಾಹರಣೆ ಎಷ್ಟರ ಮಾತು ಎಂದು ಮಧ್ಯಾಹ್ನ ಮನೆಗೆ ಬಂದು ಊಟ ಮುಗಿಸಿ ಕೂತೆ. ಮೊದಲು ನಮ್ಮ ಮಾಮೂಲು ಸಂಖ್ಯೆಗಳನ್ನು ತೆಗೆದುಕೊಂಡೆ. ಅವು ಎರಡನೆಯ ಷರತ್ತಿನಲ್ಲೇ ಮುಗ್ಗರಿಸಿದವು. ಅವನ್ನು ಬಿಟ್ಟು ಬೇರೆ ವಲಯಗಳನ್ನು ಕರೆದೆ. ಒಂದು ನಾಲ್ಕನೆಯದಕ್ಕೆ ಒಗ್ಗಿದರೆ ಒಂದನೆಯದಕ್ಕೆ ಒಗ್ಗದು, ಇನ್ನೊಂದು ಎಲ್ಲವನ್ನೂ ದಾಟಿ ಬಂದು ಐದನೆಯದರ ಹೊಸ್ತಿಲಲ್ಲಿ ಮಕಾಡೆ ಬೀಳುವುದು. ಮೂರು ಗಂಟೆಯ ಕಾಫಿ ಆರಿತು. ನಾಲ್ಕರ ಸುಮಾರಿಗೆ ನನಗೊಂದು ಸಂಗತಿ ಕಾಣಿಸಿತು. ಅನಂತಯ್ಯನವರ ಎರಡನೆಯ ಷರತ್ತನ್ನು ಬಿಡಿಸಿ ನೋಡಿದರೆ, ಸಾಧು ವಲಯದಲ್ಲಿ ಎರಡು ಎಂಬುದು ಸೊನ್ನೆಗೆ ಸಮ. ಇರಲಿ, ನಮ್ಮಲ್ಲಿ ಅಂಥವು ನಡೆಯುತ್ತವೆ. ನಾನು ಸೇರಿಸಿದ ಐದನೆಯದನ್ನು ಬಿಡಿಸಿ ನೋಡಿದರೆ ಮೂರು ಎಂಬುದೂ ಸೊನ್ನೆಗೆ ಸಮ. ಇನ್ನು ಮೂರರಲ್ಲಿ ಎರಡನ್ನು ಕಳೆಯಿರಿ. ಸೊನ್ನೆಯಲ್ಲಿ ಸೊನ್ನೆ ಕಳೆದರೆ ಉಳಿಯುವುದು ಸೊನ್ನೆ. ಮೂರರಲ್ಲಿ ಎರಡು ಕಳೆದರೆ ಉಳಿಯುವುದು ಒಂದು. ಅಂದಮೇಲೆ ಒಂದೂ ಸೊನ್ನೆಗೆ ಸಮ. ಒಂದು ಎಂಬುದೇ ಸೊನ್ನೆಯಾದ ಮೇಲೆ ಉಳಿದವುಗಳ ಗತಿ ಹೇಳಬೇಕೇ? ಎಲ್ಲವೂ ಸೊನ್ನೆ. ನಾನು ವರ್ಷಗಟ್ಟಲೆ ಅಳೆದು ತೂಗಿದ ಸಾಧು ವಲಯಗಳಲ್ಲಿ ಸೊನ್ನೆಯೊಂದನ್ನು ಬಿಟ್ಟು ನರಪಿಳ್ಳೆಯೂ ವಾಸವಾಗಿರಲಿಲ್ಲ. ಮಿಡ್ಲ್‌ಸ್ಕೂಲಿನ ಹುಡುಗನೂ ಮಾಡಬಹುದಾದ ಈ ವ್ಯವಕಲನವನ್ನು ನಾವು ಇಷ್ಟು ವರ್ಷ ಯಾಕೆ ಮಾಡಲಿಲ್ಲವೆಂದರೆ, ಕಳೆಯುವಂಥ ಕೆಲಸಗಳನ್ನು ಬಿಟ್ಟು ನಮಗೆ ಬಹಳ ಕಾಲವಾಗಿತ್ತು. ಸಾಧನೆ ನಾಲ್ಕೇ ಸಾಲು. ನಾನು ಆವರೆಗೆ ಬರೆದವುಗಳಲ್ಲೆಲ್ಲ ಅದೇ ಚೆಂದವಾಗಿತ್ತು, ಅದನ್ನು ನೋಡಿ ನನಗೆ ಸಂಕಟವೂ ಹೆಮ್ಮೆಯೂ ಒಟ್ಟಿಗೇ ಆಯಿತು.

ನನ್ನ ಮುಖ ನೋಡಿ ಸರೋಜ ಏನಾಯಿತೆಂದು ಕೇಳಿದಳು. ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತದೆ, "ನಮ್ಮ ಸೋದರಮಾವ ಮಗನಿಗೆ ಹೆಣ್ಣು ಹುಡುಕಿದ ಹಾಗಾಯ್ತು. ಜಾತಕ ಕೂಡ್ಬೇಕು, ಬೆಳ್ಳಗಿರ್ಬೇಕು, ಬಿ.ಎ. ಆಗಿರ್ಬೇಕು, ಆದ್ರೆ ಕೆಲಸಕ್ಕೆ ಹೋಗ್ಬಾರ್ದು, ವೀಣೆ ಬರ್ಬೇಕು, ಆದ್ರೆ ಬಾರಿಸ್ಬಾರ್ದು. ಅವನಿಗೆ ಈಗ ನಲವತ್ತು ದಾಟ್ತು" ಎಂದಳು. ಆಮೇಲೆ ಸೊಪ್ಪು ಬಿಟ್ಟು ನನ್ನ ಕಡೆ ತಿರುಗಿ, "ಈಗ ಮನೆ ವಿಷಯ?" ಎಂದಳು.

ಶನಿವಾರ ಬೆಳಿಗ್ಗೆಯೇ ಯಾದವಗಿರಿಯಲ್ಲಿದ್ದ ಅನಂತಯ್ಯನವರ ಬಂಗಲೆಗೆ ಓಡಿದೆ. ಅವರು ವರಾಂಡದಲ್ಲಿ ಪೇಪರು ಓದುತ್ತಿದ್ದರು. ನಾಲ್ಕು ಸಾಲಿನ ಕಾಗದ ಕೊಟ್ಟೆ. ಓದಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು.

"ಇದರಲ್ಲಿ ತಪ್ಪಿದೆಯೇನ್ರೀ?"

"ಇಲ್ಲ ಸಾರ್."

"ನಿಮ್ಮ ಹಿಂದಿನ ಪ್ರಮೇಯಗಳಲ್ಲಿ?"

"ಅವೂ ಸರಿಯಾಗೇ ಇವೆ ಸಾರ್. ಆದ್ರೆ ಎಲ್ಲಾ ಸೊನ್ನೆಯ ಬಗ್ಗೆ."

"ಸೊನ್ನೆ ಭಾರತೀಯರ ಕೊಡುಗೆ" ಎಂದು ಹೇಳಿ ಅವರು ಗೇಟಿನ ಬಳಿ ಯಾರೂ ಇಲ್ಲವೆಂದು ನೋಡಿಕೊಂಡರು. ಅನಂತರ ಧ್ವನಿ ತಗ್ಗಿಸಿ, "ಮೂರ್ತಿ, ನನ್ನ ಷರತ್ತುಗಳು ಮೂರೇ ಅಲ್ಲವೇ? ಆ ಮೂರಕ್ಕೆ ಉದಾಹರಣೆಗಳಿವೆ ತಾನೇ?" ಎಂದರು. ಇವೆ ಎಂದೆ. ಅವರ ಮುಖದ ಗಂಟು ಸಡಿಲವಾಯಿತು. "ಹಾಗಾದರೆ ಇದು ನಿಮ್ಮ ವಿಷಯ. ಮಧ್ಯಾಹ್ನ ನೀವಾಗಿ ಎತ್ತಬೇಡಿ. ಅವರು ದೊಡ್ಡ ಮನುಷ್ಯರು, ಉದಾಹರಣೆ ಗಿದಾಹರಣೆ ಕೇಳೋದಿಲ್ಲ" ಎಂದು ಪೇಪರನ್ನು ಮತ್ತೆ ಎತ್ತಿಕೊಂಡರು. ಗುರುಗಳು ಮೂರು ಷರತ್ತು ಎತ್ತಿಕೊಂಡು ದಡ ಸೇರಿದರು; ಎರಡು ಷರತ್ತಿನೊಂದಿಗೆ ನಾನು ನೀರಿನಲ್ಲಿ ಉಳಿದೆ.

ದೊಡ್ಡ ಮನುಷ್ಯರು ಪಂಚೆ ಉಟ್ಟು, ಕೊಡೆ ಹಿಡಿದು ಬಂದರು. ನಾನು ಹಲಗೆಯ ಕಡೆ ತಿರುಗಿ, ಐದು ಷರತ್ತುಗಳನ್ನು ಬರೆದು, ಮೊದಲನೆಯ ಪ್ರಮೇಯದ ಅರ್ಧದಲ್ಲಿದ್ದೆ. ಹಿಂದಿನಿಂದ ಮೃದುವಾದ ಧ್ವನಿಯೊಂದು, "ಕ್ಷಮಿಸಿ, ನಾನು ವಯಸ್ಸಾದವನು, ಬೇಗ ತಲೆಗೆ ಹೋಗುವುದಿಲ್ಲ. ಒಂದು ಉದಾಹರಣೆ ಕೊಡುತ್ತೀರಾ?" ಎಂದಿತು. ನಾನು ಅನಂತಯ್ಯನವರ ಕಡೆ ನೋಡಿದೆ. ಅವರು ಕಣ್ಣು ಮುಚ್ಚಿದ್ದರು, ಆದರೆ ರೆಪ್ಪೆ ಅದುರುತ್ತಿತ್ತು. ಪುಟ್ಟೇಗೌಡ ಹಿಂದಿನ ಬೆಂಚಿನಲ್ಲಿ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ. ನಿಜ ಹೇಳುವ ಧೈರ್ಯ ನನಗಿರಲಿಲ್ಲ. ಸುಳ್ಳು ಹೇಳೋಣವೆಂದರೆ ಅದಕ್ಕೂ ಒಂದು ಉದಾಹರಣೆ ಬೇಕಿತ್ತು. ಬೇರೆ ದಾರಿಯಿಲ್ಲದೆ ಹಲಗೆಯ ಮೇಲಿದ್ದ ಪ್ರಮೇಯವನ್ನು ಅಳಿಸಿ ಆ ನಾಲ್ಕು ಸಾಲನ್ನು ಬರೆದೆ. ಬರೆಯುತ್ತ ಬರೆಯುತ್ತ ನಾಲಗೆಯ ಮೇಲೆ ಯಾವ ದೇವತೆ ಬಂದು ಕೂತಳೋ ಕಾಣೆ, ತಿರುಗಿ ನಿಂತು, "ಸೊನ್ನೆಯೊಂದನ್ನು ಬಿಟ್ಟು ಬೇರೆ ಉದಾಹರಣೆಯೇ ಇಲ್ಲ. ಇಂದಿನ ನನ್ನ ಮುಖ್ಯ ಪ್ರಮೇಯ ಇದೇ" ಎಂದುಬಿಟ್ಟೆ.

ಮುದುಕರು ಎದ್ದು ಹಲಗೆಯ ಹತ್ತಿರ ಬಂದು ಓದಿದರು. ಅವರ ಮುಖ ಅರಳಿತು. "ಇದು ಸಂಪೂರ್ಣ ವರ್ಗೀಕರಣ" ಎಂದರು. ನಮ್ಮ ಜನದಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ. ಲೋಕದಲ್ಲಿ ಇಂಥ ವಸ್ತುಗಳು ಯಾವುಯಾವು ಉಂಟೋ ಅಷ್ಟನ್ನೂ ಪಟ್ಟಿಮಾಡಿ ಇನ್ನಿಲ್ಲವೆಂದು ತೋರಿಸಿಬಿಡುವುದು. ಅದಕ್ಕಾಗಿ ಜನ್ಮ ಸವೆಸಿದವರಿದ್ದಾರೆ. ನನ್ನ ಪಟ್ಟಿ ಚಿಕ್ಕದಾಗಿತ್ತು, ಅಷ್ಟೇ. "ಸಿದ್ಧಾಂತ ಶುರುಮಾಡುವವರನ್ನು ಎಲ್ಲ ಕಡೆ ಕಂಡಿದ್ದೇನೆ. ಮುಗಿಸಿದವರನ್ನು ಕಂಡದ್ದು ಇಲ್ಲೇ" ಎಂದು ನನ್ನ ಕೈ ಕುಲುಕಿದರು. ಅನಂತಯ್ಯನವರ ಕಣ್ಣು ತಟ್ಟನೆ ತೆರೆಯಿತು. ಅವರು ಎದ್ದು, ಮೊದಲಿನಿಂದಲೂ ನಮ್ಮ ವಿಭಾಗದ ಗುರಿ ಇದೇ ಆಗಿತ್ತೆಂದೂ, ಐದು ಷರತ್ತುಗಳನ್ನೂ ತಾವೇ ಯೋಚಿಸಿ ಇಟ್ಟದ್ದೆಂದೂ ಸಭೆಗೆ ತಿಳಿಸಿದರು. ಬೆಳಿಗ್ಗೆ ಕೈಬಿಟ್ಟಿದ್ದ ಎರಡು ಷರತ್ತುಗಳು ಹೀಗೆ ಮತ್ತೆ ಅವರ ಮನೆ ಸೇರಿದವು. ಅಂದು ಉಪ್ಪಿಟ್ಟಿನ ಜೊತೆಗೆ ಕೇಸರಿಬಾತೂ ಇತ್ತು. ಪುಟ್ಟೇಗೌಡ ತಟ್ಟೆ ಹಿಡಿದು ಪಕ್ಕಕ್ಕೆ ಬಂದು, "ಒಗಳಿದ್ರೋ ಬೋದ್ರೋ ನಂಗಂತೂ ಗೊತ್ತಾಗ್ಲಿಲ್ಲ ಕಣಯ್ಯ" ಎಂದ. ಹೊಟ್ಟೆಕಿಚ್ಚು ಎಂದುಕೊಂಡೆ. ಮನೆಗೆ ಹೋಗಿ ಸರೋಜಳಿಗೆ ಎಲ್ಲ ವರ್ಣಿಸಿದೆ. ಅವಳು ಮರುದಿನ ಬೆಳಿಗ್ಗೆ ನಲ್ಲಿಯ ಸಾಲಿನಲ್ಲಿ ತನ್ನ ಸರದಿಯನ್ನು ಎದುರುಮನೆಯ ನಾಗಮ್ಮನವರಿಗೆ ಬಿಟ್ಟುಕೊಟ್ಟು, "ಇರ್ಲಿ ಬಿಡಿ, ನಮಗಿನ್ನು ಎಷ್ಟು ದಿನ" ಎಂದಳಂತೆ. ವಠಾರದ ಇತಿಹಾಸದಲ್ಲಿ ಅಂಥದ್ದು ನಡೆದಿರಲಿಲ್ಲ.

ಸೋಮವಾರ ಆಯ್ಕೆ ಸಮಿತಿ ಸೇರಿತು. ಸಂಜೆ ಅನಂತಯ್ಯನವರು ನನ್ನನ್ನು ಕೊಠಡಿಗೆ ಕರೆದು, ಕೂರಲು ಹೇಳಿ, ಬಹಳ ಹೊತ್ತು ಟೈ ಸರಿಮಾಡಿಕೊಂಡರು. "ನಿಮ್ಮನ್ನು ಅವರು ಬಾಯ್ತುಂಬ ಹೊಗಳಿದರು" ಎಂದರು. "ಆಮೇಲೆ ಒಂದು ಮಾತು ಹೇಳಿದರು. ರೀಡರ್ ಎಂದರೆ ಮುಂದೆ ಸಂಶೋಧನೆ ನಡೆಸಬೇಕಾದ ಹುದ್ದೆ. ಮೂರ್ತಿಯವರ ವಿಷಯ ಮುಗಿದಿದೆ, ಅವರೇ ಮುಗಿಸಿದ್ದಾರೆ, ಅದರಲ್ಲಿ ಮಾಡಲು ಇನ್ನೇನೂ ಉಳಿದಿಲ್ಲವೆಂದು ಅವರೇ ಸಾಧಿಸಿದ್ದಾರೆ. ಗೌಡರು ಇನ್ನೂ ಶುರುವೇ ಮಾಡಿಲ್ಲ. ಅವರ ಮುಂದೆ ಇಡೀ ಗಣಿತಶಾಸ್ತ್ರವೇ ಉಳಿದಿದೆ. ಹುದ್ದೆ ಕೊಡಬೇಕಾದದ್ದು ಕೆಲಸ ಉಳಿದಿರುವವರಿಗೆ." ಅವರು ನನ್ನ ಮುಖ ನೋಡಿದರು. ಬೇರೆ ಯಾರಾದರೂ ಆಗಿದ್ದರೆ ಮೇಜು ಗುದ್ದುತ್ತಿದ್ದರು, ಅಳುತ್ತಿದ್ದರು. ನಾನು ಅಭ್ಯಾಸಬಲದಿಂದ ಆ ವಾದವನ್ನು ಮೊದಲಿನಿಂದ ಕೊನೆಯವರೆಗೆ ಪರೀಕ್ಷಿಸಿದೆ. ಎಲ್ಲಿಯೂ ಬಿರುಕಿರಲಿಲ್ಲ. "ಸರಿಯಾಗಿದೆ ಸಾರ್" ಎಂದೆ.

ಕಾರಿಡಾರಿನಲ್ಲಿ ಪುಟ್ಟೇಗೌಡ ಸಿಕ್ಕಿ, "ನಂಗೇನೂ ಗೊತ್ತಿಲ್ಲ ಕಣಯ್ಯ, ದೇವ್ರಾಣೆ. ನಾನು ಒಂದು ಮಾತೂ ಆಡ್ನಿಲ್ಲ" ಎಂದ. ಅದು ನಿಜವಾಗಿತ್ತು, ಅದೇ ನನಗೆ ಹೊಟ್ಟೆ ಉರಿಸಿತು. ಮನೆಯಲ್ಲಿ ಸರೋಜ ನಾನು ಬಾಯಿ ತೆರೆಯುವ ಮೊದಲೇ ತಿಳಿದುಕೊಂಡಳು. ಅವಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಕೊಡ ತೊಳೆದು ಬಾಗಿಲ ಬಳಿ ಇಟ್ಟು, "ಮುಗಿಸ್ಬಾರದಿತ್ತು ಕಣ್ರೀ. ಎಲ್ಲಾರೂ ಸಂಸಾರ ಮಾಡ್ತಾ ಇಲ್ವೇ, ಯಾರಾದ್ರೂ ಕೈಯಲ್ಲಿರೋ ಕೆಲ್ಸಾನ ಪೂರ್ತಿ ಮುಗಿಸ್ತಾರಾ?" ಎಂದಳು.

ಅವಳ ಮಾತು ನನ್ನ ಮನಸ್ಸಿಗೆ ನಾಟಿದೆ. ಈಗ ಕೆಲವು ವರ್ಷಗಳಿಂದ ಬೇರೊಂದು ವಿಷಯ ಹಿಡಿದಿದ್ದೇನೆ. ಷರತ್ತುಗಳು ಸದ್ಯಕ್ಕೆ ಏಳು, ಎಂಟನೆಯದು ಯೋಚನೆಯಲ್ಲಿದೆ. ಪ್ರಮೇಯಗಳು ಸರಾಗವಾಗಿ ಬರುತ್ತಿವೆ, ಬಹಳ ಸರಾಗವಾಗಿ. ಅಂಥ ವಸ್ತು ಒಂದಾದರೂ ಉಂಟೇ ಎಂದು ನಾನು ನೋಡಿಲ್ಲ. ಒಂದು ಮಧ್ಯಾಹ್ನ ಕೂತರೆ ಗೊತ್ತಾಗಿಬಿಡುತ್ತದೆ, ಆದರೆ ಕೂರುವುದಿಲ್ಲ. ಮುಂದಿನ ವರ್ಷ ಅನಂತಯ್ಯನವರು ನಿವೃತ್ತರಾಗುತ್ತಾರೆ, ಪುಟ್ಟೇಗೌಡ ಆ ಕುರ್ಚಿಗೆ ಹೋಗುತ್ತಾನೆ, ರೀಡರ್ ಹುದ್ದೆ ಮತ್ತೆ ಖಾಲಿಯಾಗುತ್ತದೆ. ಅಲ್ಲಿಯವರೆಗೆ ನನ್ನ ಕೈಯಲ್ಲಿ ಬೇಕಾದಷ್ಟು ಕೆಲಸ ಉಳಿದಿರಬೇಕು.